ಮಾಟುಮೇಲೊಳ ಹೆಬ್ಬೆಟ್ಟು

ಮಾಟುಮೇಲೊಳ ಉಸಿರು ನಿಂತಾಗ ಬೆಟ್ಟದ ಮೇಲೆ ಇನ್ನೂ ಬೆಳಕು ಹರಿದಿರಲಿಲ್ಲ. ಗಂಡ ಲೆಬೋನ ಪಕ್ಕದಲ್ಲೇ ಕುಳಿತಿದ್ದ. ಅವಳ ಕಣ್ಣು ಮುಚ್ಚಿದ, ಮೊಣಕಾಲೂರಿದ, ಪ್ರಾರ್ಥನೆ ಶುರುಮಾಡಿದ. ಎರಡು ಮಾತು ಆಡುವಷ್ಟರಲ್ಲಿ ತನ್ನ ದನಿ ಗೋಡೆಯಾಚೆ ಕೇಳಿಸೀತೆಂದು ಭಯವಾಗಿ ಉಳಿದುದನ್ನು ಮನಸ್ಸಿನಲ್ಲೇ ಹೇಳಿಕೊಂಡ.

ಬಾಗಿಲು ತೆಗೆದು ಒಮ್ಮೆ ಕೂಗಿದ್ದರೆ ಸಾಕಿತ್ತು. ಪಕ್ಕದ ಮನೆಯ ಮಾಕಾಬೆಲೊ ಮೊದಲು ಬರುತ್ತಿದ್ದಳು, ಅವಳ ಹಿಂದೆ ಊರ ಹೆಂಗಸರೆಲ್ಲ. ಶವ ತೊಳೆಯುವುದು, ಅದರ ಬಳಿ ಕೂರುವುದು, ಹಾಡುವುದು, ಎಲ್ಲವೂ ಅವರ ಕೆಲಸ. ಲೆಬೋನ ಇಗರ್ಜಿಯ ಹಿರಿಯ. ಪಾದ್ರಿ ಬರಲಾಗದ ದಿನಗಳಲ್ಲಿ ನಲವತ್ತು ವರ್ಷದಿಂದ ಈ ಊರಿನ ಸತ್ತವರನ್ನೆಲ್ಲ ಅವನೇ ಪ್ರಾರ್ಥನೆ ಹೇಳಿ ಮಣ್ಣಿಗೊಪ್ಪಿಸಿದ್ದ. ಸಾವನ್ನು ಬಚ್ಚಿಟ್ಟ ಮನೆಯನ್ನು ಅವನು ಒಂದನ್ನೂ ಕಂಡಿರಲಿಲ್ಲ.

ಆದರೆ ಇಂದು ಪಿಂಚಣಿಯ ದಿನ. ಹೊತ್ತೇರುತ್ತಿದ್ದಂತೆ ಹೆಲಿಕಾಪ್ಟರು ಶಾಲೆಯ ಬಯಲಿಗೆ ಹಣ ತರುತ್ತದೆ. ನಾಲ್ಕು ದಿನದ ಹಿಂದೆ ಮಾಟುಮೇಲೊ ಅವನ ತೋಳು ಹಿಡಿದು ಹೇಳಿದ್ದಳು:

"ನೋಡು, ಪಿಂಚಣಿ ಬರೋಕೆ ಮುಂಚೆ ನಾನೇನಾದ್ರೂ ಹೋದ್ರೆ ಬಾಯಿ ಬಿಡಬೇಡ. ಮೊದಲು ಹೋಗಿ ತಗೊಂಡ್ಬಾ. ಆಮೇಲೆ ಅಳು."

"ಹಂಗೆಲ್ಲ ಮಾತಾಡ್ಬೇಡ."

"ಮಾತಾಡ್ತೀನಿ. ಈ ತೇಪೆ ಕಂಬಳೀಲಿ ನನ್ನ ಸುತ್ತಿದ್ರೆ ನಿನ್ನ ಸುಮ್ನೆ ಬಿಡಲ್ಲ. ಅಲ್ಲಿ ಟುಮೇಲೊ ಕಾಯ್ತಿರ್ತಾನೆ. ಅವನ ಮುಂದೆ ಭಿಕ್ಷೆ ಬೇಡೋಳ ಹಂಗೆ ಹೋಗಿ ನಿಲ್ಲಲಾ?"

ಟುಮೇಲೊ ಅವರ ಒಬ್ಬನೇ ಮಗ. ಗಡಿಯಾಚೆ ಗಣಿಗೆ ಹೋದವನು ಅಲ್ಲೇ ಮಣ್ಣಾದ. ಅವನ ತಾಯಿಗೆ ಮಾತು ಕೊಡದೆ ಲೆಬೋನನಿಗೆ ಬೇರೆ ದಾರಿಯಿರಲಿಲ್ಲ. ಲೆಕ್ಕವೂ ಸುಲಭವಾಗಿತ್ತು. ಒಬ್ಬರ ಪಿಂಚಣಿಯಲ್ಲಿ ಹಲಗೆಯ ಪೆಟ್ಟಿಗೆ ಬರುತ್ತದೆ, ಇಲ್ಲವೇ ಒಳ್ಳೆಯ ಉಣ್ಣೆಯ ಕಂಬಳಿ ಬರುತ್ತದೆ. ಎರಡೂ ಬೇಕಾದರೆ ಇಬ್ಬರದೂ ಬೇಕು. ಸತ್ತವರ ಹೆಸರಿಗೆ ಸರ್ಕಾರ ಹಣ ಕೊಡುವುದಿಲ್ಲ.

ಅವನು ಒಲೆ ಹಚ್ಚಿ ನೀರು ಕಾಯಿಸಿದ. ಅವಳ ಮುಖ ತೊಳೆದ. ಕೈಗಳನ್ನು ಒಂದೊಂದೇ ಬೆರಳು ಬಿಡಿಸಿ, ಸಂದು ಸಂದೂ ಬಿಡದೆ ತೊಳೆದು ಒರೆಸಿದ. ಗಂಡಸು ಮಾಡುವ ಕೆಲಸ ಅದಲ್ಲ. ಆದರೆ ತೊಳೆಯದೆ ಹಾಗೇ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಕೈಗಳನ್ನು ಎದೆಯ ಮೇಲಿಟ್ಟು, ಗಲ್ಲದವರೆಗೆ ಕಂಬಳಿ ಹೊದಿಸಿ, ಎರಡು ಪಿಂಚಣಿ ಪುಸ್ತಕಗಳನ್ನೂ ಅಂಗಿಯೊಳಗೆ ಇಟ್ಟುಕೊಂಡು ಹೊರಗೆ ಬಂದ. ಬಾಗಿಲಿಗೆ ತಂತಿ ಸುತ್ತುತ್ತಿದ್ದಾಗ ಬೇಲಿಯಾಚೆಯಿಂದ ಮಾಕಾಬೆಲೊ, ಹಿರಿಯರನ್ನು ಕರೆಯುವಂತೆ ನ್ತಾತೆ, ಅಪ್ಪಾ, ಎಂದು ಕರೆದು ಕೇಳಿದಳು:

"ಶಾಂತಿ, ನ್ತಾತೆ. ಅಮ್ಮ ಹೆಂಗಿದಾರೆ? ಅಂಬಲಿ ಹುಳಿ ಬಂದಿದೆ, ಒಂದು ಬಟ್ಟಲು ತರ್ಲಾ?"

"ನಿದ್ದೆ ಹತ್ತಿದೆ ಕಣಮ್ಮ. ಎಬ್ಬಿಸ್ಬೇಡ."

"ರಾತ್ರಿಯೆಲ್ಲ ಕೆಮ್ಮಿಲ್ಲ, ಒಳ್ಳೇದಾಯ್ತು."

"ಹೂಂ. ಕೆಮ್ಮಿಲ್ಲ."

ಇಳಿಜಾರಿನಲ್ಲಿ ಕಾಲು ಜಾರದಂತೆ ಕೋಲೂರಿ ನಡೆಯುತ್ತ, ದೇವರೇ, ಇದೊಂದು ಬೆಳಗ್ಗೆ ನನ್ನ ಕಡೆ ನೋಡಬೇಡ, ಎಂದು ಬೇಡಿಕೊಂಡ. ನಲವತ್ತು ವರ್ಷ ತನ್ನ ಕಡೆ ನೋಡು ಎಂದು ಬೇಡಿದವನಿಗೆ ಆ ಪ್ರಾರ್ಥನೆ ಬಾಯಲ್ಲಿ ಹೊಸದಾಗಿ, ಕಹಿಯಾಗಿ ಇತ್ತು.

ಶಾಲೆಯ ಬಯಲಿನಲ್ಲಿ ಹೆಲಿಕಾಪ್ಟರು ಆಗಲೇ ಇಳಿದಿತ್ತು. ಅದರ ಗಾಳಿಗೆ ಎದ್ದ ಧೂಳು ಇನ್ನೂ ಕೂತಿರಲಿಲ್ಲ. ಮೇಜಿನ ಹಿಂದೆ ಗುಮಾಸ್ತ ಮೊಖೇತಿ, ಅವನ ಕಾಲ ಬಳಿ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕದಲ್ಲಿ ಬಂದೂಕು ಹಿಡಿದ ಪೊಲೀಸು. ಇನ್ನೊಂದು ಕುರ್ಚಿಯಲ್ಲಿ ಊರೊಡೆಯ ಲೆಶೊಬೊರೊ. ಹಾಸಿಗೆ ಹಿಡಿದವರ ಪುಸ್ತಕವನ್ನು ಬೇರೆಯವರು ತಂದಾಗ, ಹೌದು, ಈ ಮನುಷ್ಯ ನನ್ನೂರಿನಲ್ಲಿ ಬದುಕಿದ್ದಾನೆ ಎಂದು ಒಡೆಯನ ಬಾಯಿಂದ ಬರಬೇಕು. ಅವನ ಮಾತಿನ ಮೇಲೆ ಹಣ ಕೈ ದಾಟುತ್ತಿತ್ತು.

ಕಂಬಳಿ ಹೊದ್ದ ಮುದುಕ ಮುದುಕಿಯರ ಸಾಲು ಗೋಡೆಯುದ್ದಕ್ಕೂ ಬೆಳೆದಿತ್ತು. ಲೆಬೋನನ ಹಳೆಯ ಗೆಳೆಯ ಸೆಲ್ಲೊ ಅವನನ್ನು ಕಂಡದ್ದೇ ದನಿಯೆತ್ತಿದ:

"ದಾರಿ ಬಿಡ್ರಪ್ಪ, ದಾರಿ ಬಿಡಿ! ಎರಡು ಪುಸ್ತಕದ ಸಾಹುಕಾರ ಬಂದ. ನಮ್ಮದೆಲ್ಲ ಒಂದೊಂದೇ."

"ನೀನು ಮೂರು ಮದುವೆ ಆಗಿದ್ರೆ ನಾಲ್ಕು ಇರ್ತಿತ್ತು" ಎಂದಳು ಮುಂದೆ ನಿಂತಿದ್ದ ಮುದುಕಿ.

"ಮೂರು ಬೇಡಮ್ಮ, ಒಂದು ಆಗಿದ್ದಕ್ಕೇ ನನ್ನ ಪಿಂಚಣಿಯೆಲ್ಲ ಅವಳ ಕಂಬಳಿ ಗಂಟಿಗೆ ಹೋಗುತ್ತೆ."

ಎಲ್ಲರೂ ನಕ್ಕರು. ಲೆಬೋನನೂ ಹಲ್ಲು ತೋರಿಸಿದ. ಬಿಸಿಲಿಗೆ ಕಂಬಳಿಯೊಳಗೆ ಬೆವರು ಇಳಿಯುತ್ತಿತ್ತು. ಬೆರಳುಗಳಿಗೆ ಇನ್ನೂ ಬೆಳಗಿನ ಸಾಬೂನಿನ ವಾಸನೆ. ಪಕ್ಕದವರಿಗೆ ಅದು ಬಂದೀತೇನೋ ಎಂದು ಅವನು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

ಅವನ ಸರದಿ ಬಂತು. ಮೊಖೇತಿ ಮೊದಲ ಪುಸ್ತಕ ತೆರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಅವನ ನೋಟುಗಳನ್ನು ಎಣಿಸಿ ಕೊಟ್ಟ. ಎರಡನೆಯದನ್ನು ತೆರೆದು, ತಲೆ ಎತ್ತದೆ ಕೇಳಿದ:

"ಇವರೆಲ್ಲಿ?"

"ಮನೇಲಿ. ಮೂರು ತಿಂಗಳಿಂದ ಮೇಲೆದ್ದಿಲ್ಲ."

"ಬದುಕಿದಾರಲ್ಲ?"

ಅದನ್ನು ಅವನು ಎಲ್ಲರಿಗೂ ಕೇಳುತ್ತಿದ್ದ. ಲೇಖನಿ ನಿಲ್ಲಿಸದೆ ಕೇಳುತ್ತಿದ್ದ.

"ಬದುಕಿದಾಳೆ" ಎಂದ ಲೆಬೋನ.

ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಬೇರೆ ಯಾರೋ ಆಡಿದರೆಂಬಂತೆ ಅವನು ಪಕ್ಕಕ್ಕೆ ನೋಡಿದ.

ಒಡೆಯ ತಲೆಯಾಡಿಸಿದ. "ಭಾನುವಾರ ನಾನೇ ಹೋಗಿ ನೋಡ್ಕೊಂಡು ಬಂದೆ. ಏಳೋಕಾಗಲ್ಲ, ಆದ್ರೆ ನನ್ನತ್ರ ನಶ್ಯ ಕೇಳಿದ್ಲು. ಕೊಡೋವರೆಗೂ ಬಿಡಲಿಲ್ಲ."

"ಆಯ್ತು ಒಡೆಯರೇ." ಮೊಖೇತಿ ನೋಟುಗಳನ್ನು ಎಣಿಸಿದ. ಆದರೆ ಲೆಬೋನನ ಚಾಚಿದ ಕೈಗೆ ಕೊಡಲಿಲ್ಲ. ಕಂದು ಲಕೋಟೆಯೊಂದರಲ್ಲಿ ಹಾಕಿ ಮೇಲೆ ಹೆಸರು ಬರೆದ. "ಇದು ಅವರ ಎದುರಲ್ಲೇ ಕೊಡ್ಬೇಕು ನ್ತಾತೆ. ರಾಜಧಾನಿ ಮಸೇರುವಿಂದ ಹೊಸ ಆದೇಶ ಬಂದಿದೆ. ಮೂರು ತಿಂಗಳು ಬರದೇ ಇರೋರನ್ನ ನಾವೇ ಹೋಗಿ ಕಣ್ಣಾರೆ ನೋಡ್ಬೇಕು, ಹೊಸ ಹಾಳೆ ಮೇಲೆ ಹೆಬ್ಬೆಟ್ಟು ತಗೋಬೇಕು. ಈ ಊರಲ್ಲಿ ಇವರೊಬ್ರೇ. ಸಾಲು ಮುಗೀಲಿ, ಬರ್ತೀನಿ."

"ಗುಡ್ಡ ಹತ್ಬೇಕು ಮಗಾ. ದೂರ ಇದೆ."

"ಎಲ್ಲಿ ದೂರ?" ಎಂದ ಒಡೆಯ. "ನನ್ನ ಮೊಣಕಾಲು ಹತ್ತುತ್ತೆ, ಇವನ ಎಳೇ ಕಾಲಿಗೇನು? ನಾನೂ ಬರ್ತೀನಿ."

ಲೆಬೋನ ಗೋಡೆಯ ನೆರಳಿಗೆ ಹೋಗಿ ಕುಳಿತ. ಅವನ ಮುಂದೆ ಸಾಲು ಕರಗುತ್ತಿತ್ತು. ಇಪ್ಪತ್ತು ಜನ ಇದ್ದದ್ದು ಹದಿನಾರಾಯಿತು, ಹನ್ನೆರಡಾಯಿತು. ಪ್ರತಿಯೊಬ್ಬ ಮುದುಕ ಮೇಜು ಬಿಟ್ಟು ತಿರುಗಿದಾಗಲೂ ಅವನು ಉಳಿದವರನ್ನು ಮತ್ತೆ ಎಣಿಸುತ್ತಿದ್ದ. ಪಡುವಣ ಶಿಖರದ ಹಿಂದೆ ಬಿಳಿಯ ಮೋಡವೊಂದು ತಲೆಯೆತ್ತಿತ್ತು. ಮೋಡ ಕಪ್ಪಾದರೆ ಹೆಲಿಕಾಪ್ಟರು ನಿಲ್ಲುವುದಿಲ್ಲ, ಹಾರಿಬಿಡುತ್ತದೆ. ಆಗ ಲಕೋಟೆಯೂ ಹೋಗುತ್ತದೆ, ಆದರೆ ಯಾರೂ ಗುಡ್ಡ ಹತ್ತುವುದಿಲ್ಲ. ದೇವರೇ, ಆ ಮೋಡವನ್ನು ಬೇಗ ತಾ, ಎಂದು ತುಟಿಯಾಡಿಸಿದ. ಆಮೇಲೆ, ಸಾಲಿನಲ್ಲಿ ಉಳಿದವರೂ ಬರಿಗೈಲಿ ಹೋಗಲೆಂದು ತಾನು ಬೇಡುತ್ತಿದ್ದೇನೆಂದು ತಿಳಿದು ತುಟಿ ಕಚ್ಚಿಕೊಂಡ. ಮೋಡವಂತೂ ಇದ್ದಲ್ಲೇ ಇತ್ತು.

ಈಗಲೇ ಓಡಿಹೋಗಿ, ಬಾಗಿಲು ತೆರೆದು, ಈಗ ಹೋದಳು, ಈ ಕ್ಷಣ ಹೋದಳು ಎಂದು ಕೂಗಿದರೆ? ಅವನು ಕೋಲೂರಿ ಎದ್ದ.

"ಎಲ್ಲಿಗಜ್ಜ?" ಎಂದ ಪೊಲೀಸು.

"ಮನೆಗೆ. ಅವಳನ್ನ ಎಬ್ಬಿಸಿ ಕೂರಿಸ್ತೀನಿ."

"ಪಾಪ, ಕಾಯಿಲೆಯವರನ್ನ ಯಾಕೆ ಎಬ್ಬಿಸ್ತೀರಿ? ಕೂತ್ಕೊಳ್ಳಿ. ಎಲ್ಲ ಒಟ್ಟಿಗೇ ಹೋಗೋಣ."

ಅವನು ಕುಳಿತ. ಅವಳೊಬ್ಬಳೇ ಇದ್ದಾಳೆ ಎಂಬುದು ಆಗ ಮೊದಲ ಸಲ ಅವನಿಗೆ ನಾಟಿತು. ಬೆಳಗಿನಿಂದ ಪಕ್ಕದಲ್ಲಿ ಯಾರೂ ಇಲ್ಲ. ಒಂದು ಹಾಡಿಲ್ಲ, ಒಂದು ದೀಪವಿಲ್ಲ. ಊರಿನ ಬೀದಿಯ ಬಡವನೂ ಹಾಗೆ ಮಲಗಿದ್ದಿಲ್ಲ.

ಸಾಲು ಮುಗಿಯಿತು. ಹೆಲಿಕಾಪ್ಟರಿನವನು ಆಕಾಶ ನೋಡಿ, "ಅರ್ಧ ಗಂಟೆ, ಅಷ್ಟೇ" ಎಂದು ಕೂಗಿದ. ಮೊಖೇತಿ ಪೆಟ್ಟಿಗೆಗೆ ಬೀಗ ಹಾಕಿ, ಲಕೋಟೆ, ಹಾಳೆ, ಮಸಿಯ ಡಬ್ಬಿ ಹಿಡಿದು ಹೊರಟ. ಒಡೆಯ, ಪೊಲೀಸು ಹಿಂದೆ. ಏರಿನಲ್ಲಿ ಮೊಖೇತಿ ಏದುಸಿರು ಬಿಡುತ್ತ ಹೇಳಿದ:

"ನನ್ನಜ್ಜಿನೂ ಹಿಂಗೇ ಎತ್ತರದಲ್ಲಿ ಮನೆ ಕಟ್ಟಿದ್ರು. ಕೇಳಿದ್ರೆ, ಸೊಸೆಯಂದಿರು ದಿನಾ ಬಂದು ಜಗಳ ಆಡಬಾರ್ದು ಅದಕ್ಕೆ, ಅಂತಿದ್ರು."

ಒಡೆಯ ಗಟ್ಟಿಯಾಗಿ ನಕ್ಕ. ಲೆಬೋನ ಮುಂದೆ ನಡೆಯುತ್ತಿದ್ದ. ಹೇಳಿಬಿಡಬೇಕು, ಆ ಬಂಡೆ ಬಂದಾಗ ಹೇಳಬೇಕು ಎಂದುಕೊಂಡ. ಬಂಡೆ ಬಂತು, ದಾಟಿತು. ಕುರಿದೊಡ್ಡಿಯ ಬಳಿ ಹೇಳಬೇಕು ಎಂದುಕೊಂಡ. ಅದೂ ದಾಟಿತು.

ಮನೆಯ ಮುಂದೆ ಮಾಕಾಬೆಲೊ ಅಂಬಲಿಯ ಬಟ್ಟಲು ಹಿಡಿದು ನಿಂತಿದ್ದಳು.

"ಇದೇನು ನ್ತಾತೆ, ಕಾಯಿಲೆ ಮನುಷ್ಯರನ್ನ ಒಳಗಿಟ್ಟು ಹೊರಗಿಂದ ತಂತಿ ಕಟ್ಟಿದೀರಿ? ಎರಡು ಸಲ ಕೂಗಿದೆ, ಅಮ್ಮ ಓ ಅನ್ಲಿಲ್ಲ."

"ನಾಯಿ ನುಗ್ಗುತ್ತೆ ಅಂತ."

"ನಮ್ಮೂರಲ್ಲಿ ಯಾವ ನಾಯಿ ಬಾಗಿಲು ತೆಗೆಯುತ್ತೆ?"

ಅವನು ಬಾಗಿಲ ಮುಂದೆ ಬಗ್ಗಿದ. ಬೆಳಗ್ಗೆ ಎರಡು ಸುತ್ತು ಸುತ್ತಿದ್ದ ತಂತಿ ಈಗ ಬಿಚ್ಚಲು ಬಾರದು. ಕೊನೆಗೆ ಪೊಲೀಸೇ ಬಿಚ್ಚಿಕೊಟ್ಟ.

ಒಳಗೆ ಕತ್ತಲು, ತಂಪು. ಮೊಖೇತಿ ಟೋಪಿ ತೆಗೆದು ಹಾಸಿಗೆಯ ಬಳಿ ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತ. "ಶಾಂತಿ, ಅಮ್ಮ. ಪಿಂಚಣಿ ತಂದಿದೀನಿ." ಸ್ವಲ್ಪ ಕಾದ. "ಒಳ್ಳೇ ನಿದ್ದೇಲಿದಾರೆ. ಮುಖ ಎಷ್ಟು ನೆಮ್ಮದಿಯಾಗಿದೆ! ಎಬ್ಬಿಸೋದು ಬೇಡ ನ್ತಾತೆ. ನೋಡಿದ್ದಾಯ್ತು. ನೀವೇ ಅವರ ಕೈ ಹಿಡಿದು ಮೆಲ್ಲಗೆ ಒತ್ತಿಸಿ, ನಾನು ಹಾಳೆ ಹಿಡೀತೀನಿ. ಗೊತ್ತೂ ಆಗಲ್ಲ ಅವರಿಗೆ."

ಅವನು ಮಸಿಯ ಡಬ್ಬಿಯ ಮುಚ್ಚಳ ತೆರೆದು ಚಾಚಿದ. ಲಕೋಟೆ ಅವನ ತೊಡೆಯ ಮೇಲಿತ್ತು.

ಇಷ್ಟು ಸುಲಭವಾಗುತ್ತದೆಂದು ಲೆಬೋನ ಎಣಿಸಿರಲಿಲ್ಲ. ಒಡೆಯ ಬಾಗಿಲಲ್ಲಿ ನಿಂತು ಬೆಳಕನ್ನು ಅರ್ಧ ಮರೆಮಾಡಿದ್ದ. ಪೊಲೀಸು ಹೊರಗೇ ಇದ್ದ. ಒಂದು ಹೆಬ್ಬೆಟ್ಟು ಒತ್ತಿದರೆ ಇವರೆಲ್ಲ ಹೊರಟುಹೋಗುತ್ತಾರೆ, ಹೆಲಿಕಾಪ್ಟರು ಹಾರುತ್ತದೆ, ಮಾಟುಮೇಲೊ ಕೇಳಿದ್ದು ಅವಳಿಗೆ ಸಿಗುತ್ತದೆ. ಅವನು ಮಂಡಿಯೂರಿ ಕಂಬಳಿ ಸರಿಸಿದ. ಎದೆಯ ಮೇಲಿದ್ದ ಬಲಗೈಯನ್ನು ಮುಟ್ಟಿದ. ಬೆಳಗ್ಗೆ ಬಿಸಿನೀರಿನಲ್ಲಿ ಮೆತ್ತಗೆ ಬಗ್ಗಿದ್ದ ಬೆರಳು ಈಗ ಕಟ್ಟಿಗೆಯಾಗಿತ್ತು. ಉಗುರುಗಳು ಸ್ವಚ್ಛವಾಗಿದ್ದವು. ಐವತ್ತೆರಡು ವರ್ಷ ಜೋಳ ಬೀಸಿ, ಗೋಡೆ ಸಾರಿಸಿ, ಸಗಣಿ ತಟ್ಟಿದ ಕೈ ಅಷ್ಟು ಸ್ವಚ್ಛವಾಗಿದ್ದದ್ದನ್ನು ಅವನು ಕಂಡೇ ಇರಲಿಲ್ಲ.

"ಬೇಗ ನ್ತಾತೆ. ಮೋಡ ಏಳ್ತಿದೆ" ಎಂದ ಮೊಖೇತಿ.

ಮಸಿಯ ಡಬ್ಬಿ ಹತ್ತಿರ ಬಂತು. ಲೆಬೋನ ತನ್ನ ಅಂಗೈಯಿಂದ ಅವಳ ಕೈಯನ್ನು ಮುಚ್ಚಿದ.

"ಬೇಡ" ಎಂದ. "ಈ ಕೈಗೆ ಮಸಿ ಹಚ್ಚಬೇಡಿ. ನಾನು ತೊಳೆದಿದೀನಿ."

"ತೊಳೆದ್ರೆ ಏನಂತೆ, ಆಮೇಲೆ ಒರೆಸಿದ್ರೆ…"

"ಪೂರ್ತಿ ತೊಳೆದಿದೀನಿ ಮಗಾ. ಕೊನೇದಾಗಿ ತೊಳೆಯೋ ಹಂಗೆ."

ಒಡೆಯನ ಹಿಂದಿನಿಂದ ಇಣುಕುತ್ತಿದ್ದ ಮಾಕಾಬೆಲೊಗೆ ಮೊದಲು ಅರ್ಥವಾಯಿತು. ಬಟ್ಟಲನ್ನು ನೆಲದ ಮೇಲಿಟ್ಟು, ಒಡೆಯನನ್ನು ಪಕ್ಕಕ್ಕೆ ತಳ್ಳಿಕೊಂಡೇ ಒಳಗೆ ಬಂದಳು.

"ಯಾವಾಗ?"

"ಬೆಳಕು ಹರಿಯೋಕೆ ಮುಂಚೆ."

"ಅಂದ್ರೆ ನಾನು ಬೇಲಿ ಹತ್ರ ಕೇಳಿದಾಗ…" ಅವಳ ದನಿ ಸಿಡಿಯಿತು. "ನೀವೊಬ್ರೇ ತೊಳೆದ್ರಾ? ಯಾಕೆ, ಈ ಊರಿನ ಹೆಂಗಸ್ರೆಲ್ಲ ಸತ್ತಿದ್ರಾ? ನನ್ನ ಅತ್ತೆಯನ್ನ ತೊಳೆದ ಕೈ ಅದು, ನನ್ನ ಕೂಸನ್ನ ತೊಳೆದ ಕೈ. ಅದನ್ನ ತೊಳೆಯೋಕೆ ನಾನು ಬೇಡವಾದ್ನಾ?"

ಸುಳ್ಳಿಗಾಗಿ ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲಾಗಲಿಲ್ಲ. ತಲೆಯನ್ನು ಹಾಸಿಗೆಯ ಅಂಚಿಗೆ ಒತ್ತಿಕೊಂಡ.

ಒಡೆಯ ಒಳಗೆ ಬಂದು, "ಎಲ್ಲರ ಮುಂದೆ ಭಾನುವಾರ ನೋಡಿದೀನಿ ಅಂದೆನಲ್ಲೋ, ಲೆಬೋನ" ಎಂದ. "ನನ್ನ ಮಾತಿಗೆ ಮಣ್ಣು ಹಾಕ್ದೆ. ನಾಳೆಯಿಂದ ಈ ಊರಿನ ಕಾಯಿಲೆಯವರಿಗೆ ನಾನು ಹೌದು ಅಂದ್ರೆ ಯಾರು ನಂಬ್ತಾರೆ?"

"ತಪ್ಪಾಯ್ತು ಒಡೆಯಾ."

"ಯಾಕ್ ಮಾಡ್ದೆ?"

"ಹೊಸ ಕಂಬಳಿ ಕೇಳಿದ್ಲು. ಪೆಟ್ಟಿಗೇನೂ ಬೇಕಿತ್ತು."

ಮೊಖೇತಿ ಮಸಿಯ ಡಬ್ಬಿ ಮುಚ್ಚಿ ಜೇಬಿಗೆ ಹಾಕಿದ. ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ; ಅದನ್ನೂ ಒಳಗಿಟ್ಟ. ಸಾವಿನ ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂರಬಾರದೆಂದು ನೆನಪಾದವನಂತೆ ನೆಲಕ್ಕೆ ಪೂರ್ತಿ ಕೂತು, ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡ.

"ಇದನ್ನ ಕೊಡೋಕಾಗಲ್ಲ ನ್ತಾತೆ. ನನಗೆ ಮನಸ್ಸಿಲ್ಲ ಅಂತಲ್ಲ."

"ಗೊತ್ತು ಮಗಾ."

"ತೀರ್ಕೊಂಡಿದ್ದು ಇವತ್ತಿನ ತಾರೀಕು ಅಂತ ಬರೀತೀನಿ. ತಿಳಿಸಿದ್ದು, ಗಂಡ." ಅವನು ಬರೆದ. ಪುಸ್ತಕವನ್ನೂ ತೆಗೆದುಕೊಂಡ.

"ನಾನು ಬೆಳಗ್ಗೆ ಬದುಕಿದಾಳೆ ಅಂದಿದ್ದೆ" ಎಂದ ಲೆಬೋನ. "ಅದನ್ನೂ ಬರಿ."

"ಅದಕ್ಕೆ ಈ ಹಾಳೇಲಿ ಜಾಗ ಇಲ್ಲ."

"ಕೆಳಗೆ ಬರಿ. ಅಂಚಲ್ಲಿ ಬರಿ."

ಮೊಖೇತಿ ಲೇಖನಿ ಹಿಡಿದೇ ಒಡೆಯನ ಮುಖ ನೋಡಿದ. ಬಾಗಿಲಾಚೆಯಿಂದ ಪೊಲೀಸು ಮೆಲ್ಲಗೆ ಹೇಳಿದ: "ನನ್ನ ಪುಸ್ತಕದಲ್ಲಿ ಜಾಗ ಇದೆ ಸಾಹೇಬ್ರೇ. ಬರೀಲೇಬೇಕು ಅಂದ್ರೆ ಬರೀತೀನಿ. ಆಮೇಲೆ ಅಜ್ಜನ ಪಿಂಚಣೀನೂ ನಿಲ್ಲಿಸ್ತಾರೋ ಏನೋ, ನಂಗೊತ್ತಿಲ್ಲ."

"ನಿನ್ನ ಪುಸ್ತಕ ಮುಂದಿನ ತಿಂಗಳು ತಗೊಂಡ್ಬಾ" ಎಂದ ಒಡೆಯ. "ಆಗ ಇವನ ಪಕ್ಕದಲ್ಲಿ ನಾನೂ ನಿಂತಿರ್ತೀನಿ. ಇಬ್ಬರದೂ ಬರ್ಕೋ. ಈಗ ಟೋಪಿ ತೆಗೆದು ಒಳಗೆ ಬಂದು ಕೂತ್ಕೋ, ಇಲ್ಲಾಂದ್ರೆ ನಡಿ."

ಪೊಲೀಸು ಬಂದೂಕನ್ನು ಹೊರಗೆ ಗೋಡೆಗೊರಗಿಸಿ ಒಳಗೆ ಬಂದ. ಒಡೆಯ ಲೆಬೋನನ ಕಡೆ ನೋಡಿದ. ಪ್ರಾರ್ಥನೆ ಹೇಳಬೇಕಾದವನು ಅವನು. ಅವನು ತಲೆ ತಗ್ಗಿಸಿದ. ಆಗ ಮಾಕಾಬೆಲೊ ಪ್ರಾರ್ಥನೆ ಶುರುಮಾಡಿದಳು. ಅವಳಿಗೆ ಪೂರ್ತಿ ಬರುತ್ತಿರಲಿಲ್ಲ. ಮರೆತಲ್ಲೆಲ್ಲ ಮಾಟುಮೇಲೊಳ ಹೆಸರನ್ನೇ ಮತ್ತೆ ಮತ್ತೆ ಹೇಳಿದಳು.

ಮೊಖೇತಿ ಮತ್ತು ಪೊಲೀಸು ಇಳಿದುಹೋದ ಮೇಲೆ ಮಾಕಾಬೆಲೊ ಅಂಗಳಕ್ಕೆ ಬಂದು ಕೆಳಗಿನ ಮನೆಗಳತ್ತ ಕೂಗಿದಳು. ಬೆಳಗ್ಗೆ ಏಳಬೇಕಿದ್ದ ಕೂಗು ಆಗ ಎದ್ದಿತು. ಒಬ್ಬೊಬ್ಬರಾಗಿ ಹೆಂಗಸರು ಕಂಬಳಿ ಬಿಗಿದುಕೊಂಡು ಏರಿ ಬಂದರು. ಅವರು ಒಳಗೆ ಹೋಗಿ ನೀರು ಕಾಯಿಸಲು ಹೇಳುವುದು ಕೇಳಿಸಿತು.

"ತೊಳೆದಾಗಿದೆ" ಎಂದ ಲೆಬೋನ ಹೊಸ್ತಿಲಲ್ಲಿ ನಿಂತು.

"ಅದು ನೀವು ತೊಳೆದಿದ್ದು. ನಾವು ತೊಳೀಬೇಕು" ಎಂದಳು ಮಾಕಾಬೆಲೊ. "ಹೊರಗೆ ಕೂತ್ಕೊಳ್ಳಿ ನ್ತಾತೆ. ಪೆಟ್ಟಿಗೆ, ಕಂಬಳಿ ಎಲ್ಲ ಗಂಡಸ್ರು ಸಂಜೆ ಮಾತಾಡ್ಕೊಳ್ಳಿ. ಈಗ ಹೋಗಿ." ದನಿಯಲ್ಲಿ ಸಿಟ್ಟು ಇನ್ನೂ ಇತ್ತು. ಆದರೂ ಅವಳು ಅವನ ಕಂಬಳಿಯ ಪಿನ್ನನ್ನು ಸರಿಯಾಗಿ ಚುಚ್ಚಿ ಕಳಿಸಿದಳು.

ಅವನು ದೊಡ್ಡಿಯ ಗೋಡೆಗೆ ಬೆನ್ನಾನಿಸಿ ನೆಲದ ಮೇಲೆ ಕುಳಿತ. ಕೆಳಗೆ ಬಯಲಿನಿಂದ ಹೆಲಿಕಾಪ್ಟರು ಎದ್ದು ಮೂಡಣಕ್ಕೆ ತಿರುಗಿತು. ಅದರ ಸದ್ದು ಕಣಿವೆಯಲ್ಲಿ ಇಳಿದುಹೋಗುವವರೆಗೂ ಅವನು ತಲೆ ತಗ್ಗಿಸಿಯೇ ಇದ್ದ. ಆಮೇಲೆ ಅತ್ತ.

ಮೊದಲು ಬಂದ ಗಂಡಸು ಸೆಲ್ಲೊ. ಬಯಲಿನಿಂದ ಅಲ್ಲಿಯವರೆಗೆ ಏರಿ ಬಂದು ಉಸಿರು ಸಿಗದೆ ನಿಂತ. ಟೋಪಿ ತೆಗೆದು, ಲೆಬೋನನ ಎದುರು ನೆಲದ ಮೇಲೆ ಕುಳಿತ. ಸಾವಿನ ಮನೆಗೆ ಬಂದವರು, ಸತ್ತವರು ಹೇಗೆ ಹೋದರೆಂದು ಕೇಳಬೇಕು, ಮನೆಯವರು ಮೊದಲಿನಿಂದ ಕೊನೆಯವರೆಗೆ ಹೇಳಬೇಕು, ಬಂದವರಿಗೆಲ್ಲ ಅದನ್ನೇ ಹೇಳಬೇಕು. ಕಾಯಿಲೆಯ ಮೊದಲ ದಿನದಿಂದ ಆರಂಭಿಸುವುದು ವಾಡಿಕೆ.

"ಹೆಂಗಾಯ್ತೋ, ಅಣ್ಣ?" ಎಂದ ಸೆಲ್ಲೊ.

"ಮೊದಲು ನಾನು ಇವತ್ತು ಮಾಡಿದ್ದು ಹೇಳ್ತೀನಿ" ಎಂದ ಲೆಬೋನ. "ಅವಳ ವಿಷಯ ಆಮೇಲೆ."

ಸೆಲ್ಲೊ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕಾದ. ಗುಡ್ಡದ ದಾರಿಯಲ್ಲಿ ಇನ್ನೂ ನಾಲ್ಕಾರು ಜನ ಏರಿ ಬರುತ್ತಿದ್ದರು.